ಪದಚರ್ಚೆ: ‘ಡಿಫಾಲ್ಟ್ ಬ್ರೌಸರ್’ಗೆ ಕನ್ನಡ ಬೇಕು (ತುರ್ತು)

ದಾವಣಗೆರೆಯಿಂದ:
ನಮ್ಮ ಓದುಮನೆಯ ಕಂಪ್ಯೂಟರ್‌ಗಳ ಮೇಲೆ ಒಂದು ಸೂಚನೆ ಅಂಟಿಸಬೇಕಿದೆ. ಸಿಸ್ಟಂ ಅಪ್‌ಡೇಟ್ ಆದಮೇಲೆ ಡಿಫಾಲ್ಟ್ ಬ್ರೌಸರ್, ಅಂದರೆ ಲಿಂಕ್ ಒತ್ತಿದಾಗ ತಾನಾಗಿ ತೆರೆಯುವ ಬ್ರೌಸರ್, ಬದಲಾಗಿರುತ್ತದೆ. ಅರ್ಜಿ ತುಂಬಲು ಬಂದ ಹುಡುಗರು ಇಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಇನ್ಯಾವುದೋ ತೆರೆದುಕೊಂಡು, ಗುರುತು ಹಾಕಿಟ್ಟ ಪುಟಗಳು ಸಿಗದೆ ಕಂಗಾಲಾಗುತ್ತಾರೆ. ‘ಪೂರ್ವನಿಯೋಜಿತ ಜಾಲವೀಕ್ಷಕವನ್ನು ಪರಿಶೀಲಿಸಿ’ ಎಂದು ಬರೆದು ತೋರಿಸಿದೆ, ಯಾರಿಗೂ ತಿಳಿಯಲಿಲ್ಲ. ಸಂಜೆಯೊಳಗೆ ಪ್ರಿಂಟ್‌ಗೆ ಕೊಡಬೇಕು, ದಯವಿಟ್ಟು ಬೇಗ ಹೇಳಿ.

ಚಿತ್ರದುರ್ಗದಿಂದ:
‘ಪೂರ್ವನಿಯೋಜಿತ’ ಬೇಡವೇ ಬೇಡ. ‘ಪೂರ್ವನಿಯೋಜಿತ ಕೃತ್ಯ’ ಎಂದು ಪತ್ರಿಕೆಯಲ್ಲಿ ಓದಿದವರಿಗೆ ಅದು ಸಂಚಿನ ಮಾತು. ಅರ್ಥಕ್ಕೂ ಒಗ್ಗುವುದಿಲ್ಲ. ಕಂಪನಿ ಇಟ್ಟುಕೊಟ್ಟದ್ದೂ ಡಿಫಾಲ್ಟ್, ಅದನ್ನು ಸರಿಸಿ ನಾನು ಇಟ್ಟುಕೊಂಡದ್ದೂ ಡಿಫಾಲ್ಟ್. ಎರಡನೆಯದು ‘ಪೂರ್ವ’ ಹೇಗಾದೀತು? ಅಪ್‌ಡೇಟ್‌ನ ಅನ್ಯಾಯವಿರುವುದೇ ನನ್ನದನ್ನು ಕಿತ್ತು ಅವರದನ್ನು ಕೂರಿಸುವುದರಲ್ಲಿ. ಎರಡಕ್ಕೂ ಒಂದೇ ಪದವಾದರೆ ಆ ಅನ್ಯಾಯ ಕಣ್ಣಿಗೇ ಬೀಳುವುದಿಲ್ಲ. 2015ರಲ್ಲಿ ವಿಂಡೋಸ್ 10 ಬಂದಾಗ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಆಗಿನ ಮುಖ್ಯಸ್ಥ ಕ್ರಿಸ್ ಬಿಯರ್ಡ್ ಅವರು ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲಾ ಅವರಿಗೆ ಬಹಿರಂಗ ಪತ್ರ ಬರೆದದ್ದು ಇದೇ ತಕರಾರಿಗೆ. 2013ರಲ್ಲಿ ಐರೋಪ್ಯ ಆಯೋಗ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯೂರೋ ದಂಡ ಹಾಕಿದ್ದೂ ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1 ಎಂಬ ಅಪ್‌ಡೇಟ್‌ನಲ್ಲಿ ಬ್ರೌಸರ್ ಆರಿಸಿಕೊಳ್ಳುವ ಪರದೆ ಇಲ್ಲವಾದದ್ದಕ್ಕೆ. ಎರಡೂ ಕಡೆ ಜಗಳ ಆಯ್ಕೆಯದು. ‘ಆಯ್ದ ಬ್ರೌಸರ್’ ಎನ್ನಿ. ‘ಆಯ್’ ನಮ್ಮದೇ ಬೇರು, ಕಾಳು ಆಯುವವರಿಗೂ ಗೊತ್ತು.

ಹರಿಹರದಿಂದ:
‘ಬ್ರೌಸರ್’ ಇರಲಿ, ‘ಡಿಫಾಲ್ಟ್’ ಮಾತ್ರ ಹೋಗಲಿ ಎಂದರೆ ಅದು ಯಾವ ನಿಯಮ? ಸಾಲದ ಡಿಫಾಲ್ಟ್‌ಗೆ ಸೊಸೈಟಿಗಳಲ್ಲಿ ‘ಸುಸ್ತಿ’ ಎನ್ನುತ್ತಾರೆ, ಸುಸ್ತಿದಾರ ಎಂದರೆ ಯಾವ ರೈತನಿಗೂ ಬಿಡಿಸಿ ಹೇಳಬೇಕಿಲ್ಲ. ಜನರ ಬಾಯಲ್ಲಿರುವ ಪದವನ್ನೇ ಹಿಗ್ಗಿಸಬೇಕು.

ಚಿತ್ರದುರ್ಗದಿಂದ:
ಆಗದು. ಸುಸ್ತಿ ಎಂದರೆ ಕಟ್ಟಬೇಕಾದದ್ದನ್ನು ಕಟ್ಟದಿರುವುದು. ಇಲ್ಲಿ ಯಾರು ಏನನ್ನು ಬಾಕಿ ಉಳಿಸಿಕೊಂಡಿದ್ದಾರೆ? ಅದೂ ಫಾರಸಿಯಿಂದ ಬಂದದ್ದೇ. ಇಂಗ್ಲಿಷ್ ಎರವಲು ಬೇಡ, ಫಾರಸಿಯದು ಇರಲಿ ಎನ್ನುವುದಾದರೆ ನಿಯಮದ ಮಾತು ನೀವು ಎತ್ತಬಾರದಿತ್ತು.

ಹರಿಹರದಿಂದ:
ಮುನ್ನೂರು ವರ್ಷ ಬಳಸಿದ್ದು ಎರವಲಲ್ಲ, ಆಸ್ತಿ.

ದಾವಣಗೆರೆಯಿಂದ:
ಇಬ್ಬರಿಗೂ ವಂದನೆ. ಹೀಗೆ ಬರೆದು ಕೊಟ್ಟೆ: ‘ಅಪ್‌ಡೇಟ್ ಆದಮೇಲೆ ಲಿಂಕ್ ಒತ್ತಿದಾಗ ನೀವು ಆಯ್ದ ಬ್ರೌಸರ್ ತೆರೆಯದಿದ್ದರೆ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನೇ ಮತ್ತೆ ಆರಿಸಿ.’ ಸೆಟ್ಟಿಂಗ್ಸ್ ಅನ್ನು ಹಾಗೇ ಬಿಟ್ಟಿದ್ದೇನೆ. ಹುಡುಗರಿಗೆ ತೆರೆಯ ಮೇಲೆ ಕಾಣುವುದು ಅದೇ.