ಹಿತ್ತಿಲಿನ ಗುಂಡಿ, ತಾಮ್ರದ ಹಂಡೆ

ಹೋದ ಭಾನುವಾರ ಬೆಳಿಗ್ಗೆ ನಮ್ಮ ‘ತೋಟದ ಮನೆ ಬಳಗ’ ಗುಂಪಿಗೆ ಬೇಲೂರಿನ ಚಿಕ್ಕಮ್ಮ ಒಂದು ಫೋಟೊ ಹಾಕಿದರು. ಗುಲಾಬಿ ಸಾಲಿನ ಉದ್ದಕ್ಕೂ ಐದು ಗುಂಡಿ, ಪಕ್ಕದಲ್ಲಿ ಮೂತಿಗೆಲ್ಲ ಮಣ್ಣು ಮೆತ್ತಿಕೊಂಡು ನಿಂತ ಕೆಂಚ. ಎರಡು ವರ್ಷದ ಡ್ಯಾಶ್‌ಹೌಂಡ್ ನಾಯಿ ಅದು. ‘ಇವನನ್ನು ಏನು ಮಾಡುವುದು, ಹೇಳಿ’ ಎಂದು ಕೇಳಿದ್ದರು.

ಅರ್ಧ ಗಂಟೆಯೊಳಗೆ ಹಾಸನದಿಂದ ದೊಡ್ಡಪ್ಪನವರ ಫಾರ್ವರ್ಡ್ ಬಂತು. ‘ಈಶಾನ್ಯ ಮೂಲೆಯಲ್ಲಿ ನಾಯಿ ನೆಲ ಕೆದಕಿದರೆ ಮನೆಯ ಯಜಮಾನನಿಗೆ ಕೇಡು. ಕೂಡಲೇ ಗುಂಡಿಗೆ ಖಾರದ ಪುಡಿ, ಕಾಫಿ ಚರಟ, ನುಸಿಗುಳಿಗೆ ಹಾಕಿ ಮುಚ್ಚಿರಿ. ಹತ್ತು ಮಂದಿಗೆ ತಿಳಿಸಿ.’ ಕೆಳಗೆ ದೊಡ್ಡಪ್ಪನವರದೇ ಒಂದು ಸಾಲು: ‘ತಮ್ಮನಿಗೆ ಹೋದ ತಿಂಗಳಿಂದ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ಅಸಡ್ಡೆ ಮಾಡಬೇಡಿ.’

ಅವರ ಆತಂಕ ನಿಜವಾದದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬೇಲೂರಿನ ಮನೆಯ ಗುಲಾಬಿ ಸಾಲು ಇರುವುದು ಪಶ್ಚಿಮಕ್ಕೆ. ಫೋಟೊದಲ್ಲಿ ಕಾಣುವ ಬಚ್ಚಲ ಗೋಡೆಯೇ ಅದನ್ನು ಹೇಳುತ್ತಿತ್ತು. ಆ ಮನೆಯಲ್ಲಿ ಉಂಡು ಮಲಗಿ ಬಂದವರು ಇಷ್ಟು ಮಂದಿ ಇದ್ದೇವೆ, ಒಬ್ಬರೂ ಗಮನಿಸಲಿಲ್ಲ.

ಬೆಂಗಳೂರಿನ ತಮ್ಮ ಎಂದಿನಂತೆ ಮೊದಲು ಬಂದ.

‘ದೊಡ್ಡಪ್ಪ, ಇದನ್ನು ಬರೆದವರು ಯಾರು? ಯಾವ ಪಶುವೈದ್ಯರು ಹೇಳಿದ್ದಾರೆ? ಕಳುಹಿಸುವ ಮೊದಲು ಮೂಲ ನೋಡಬೇಕಲ್ಲವೇ?’

‘ಮೂಲ ಕೇಳುವವನು ನಿನ್ನ ತಾತನ ತಿಥಿಗೆ ಎಷ್ಟು ಸಲ ಬಂದಿದ್ದೀಯೆ? ಹಿರಿಯರು ಒಳ್ಳೆಯದಕ್ಕೆ ಹೇಳಿದರೆ ಸಾಕ್ಷಿ ಕೇಳುವ ಕಾಲ ಬಂತು. ನಮ್ಮ ಕಾಲದಲ್ಲಿ ನಾಡನಾಯಿ ಸಾಕುತ್ತಿದ್ದೆವು. ಅವು ಹಿತ್ತಿಲು ಅಗೆಯುತ್ತಿರಲಿಲ್ಲ, ಕಾವಲು ಕಾಯುತ್ತಿದ್ದವು.’

‘ಅಗೆಯುತ್ತಿದ್ದವು ದೊಡ್ಡಪ್ಪ’ ಎಂದು ಮೂಡಿಗೆರೆಯ ಅಕ್ಕ ಬರೆದಳು. ‘ತಾತ ಸಾಕಿದ್ದ ಕರಿಯನ ನೆನಪಿಲ್ಲವೇ? ಅಜ್ಜಿ ಹಾಕಿದ ಅಕ್ಕಿ ಕಡುಬನ್ನು ತಿನ್ನದೆ ಬಾಳೆಯ ಬುಡದಲ್ಲಿ ಹೂಳುತ್ತಿತ್ತು. ಮಾರನೆಯ ದಿನ ತೆಗೆದು ತಿನ್ನುತ್ತಿತ್ತು. ಕಾಫಿ ಕಣದಲ್ಲಿ ಹಣ್ಣು ಹರಡುವಾಗ ನಾವೆಲ್ಲ ಅದರ ಹಿಂದೆ ಓಡುತ್ತಿದ್ದೆವು. ಆ ಕಣ, ಆ ಮಳೆ, ಆ ಒಲೆ ಮತ್ತೆ ಬರುತ್ತವೆಯೇ?’

ಹನ್ನೊಂದು ಮಂದಿ ಅದಕ್ಕೆ ಹೃದಯದ ಗುರುತು ಒತ್ತಿದರು. ನನ್ನ ಕಣ್ಣೂ ಒದ್ದೆಯಾಯಿತು. ಆದರೆ ನಾಯಿಯ ಪ್ರಶ್ನೆಗೆ ಅರ್ಧ ಉತ್ತರ ಆ ಕಡುಬಿನಲ್ಲೇ ಇತ್ತು. ಉಳಿದ ಆಹಾರವನ್ನು ಹೂತಿಡುವುದು ನಾಯಿಗೆ ತೋಳದ ಕುಲದಿಂದ ಬಂದ ಬುದ್ಧಿ. ಅದನ್ನು ನಾನು ಬರೆಯುವಷ್ಟರಲ್ಲಿ ಸಕಲೇಶಪುರದ ಅತ್ತೆ ಬಂದರು.

‘ಅಣ್ಣ, ಹುಡುಗನನ್ನು ಏಕೆ ಬೈಯುತ್ತೀರಿ? ತಿಥಿಯ ಮಾತು ನೀವೇ ಎತ್ತಿದ್ದೀರಿ. ಅಪ್ಪನ ತಿಥಿಗೆ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆ ಈಗ ಎಲ್ಲಿದೆ, ಅದನ್ನು ಹೇಳಿ.’

‘ಹಂಡೆ ಹಾಸನಕ್ಕೆ ಬಂದಿಲ್ಲ’ ಎಂದರು ದೊಡ್ಡಮ್ಮ. ‘ಪಾಲಾದ ದಿನ ಮೂಡಿಗೆರೆಯ ಬಚ್ಚಲಲ್ಲೇ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ.’

ಮೂಡಿಗೆರೆಯ ಅಕ್ಕ ತಮ್ಮ ಬಚ್ಚಲ ಒಲೆಯ ಫೋಟೊ ಹಾಕಿದಳು. ಅಲ್ಲಿದ್ದದ್ದು ಹಿತ್ತಾಳೆಯದು. ಮಧ್ಯಾಹ್ನವಿಡೀ ಹಂಡೆಯೇ ಉರಿಯಿತು: ಯಾರ ಗೃಹಪ್ರವೇಶಕ್ಕೆ ಯಾರು ಬರಲಿಲ್ಲ, ಕಾಳುಮೆಣಸಿನ ಹಣದಲ್ಲಿ ಯಾರಿಗೆ ಎಷ್ಟು ಕಡಿಮೆ ಬಂತು ಎಂಬುದೆಲ್ಲ ಹೊರಬಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಸಂಜೆ ಆರಕ್ಕೆ ಚಿಕ್ಕಮಗಳೂರಿನಿಂದ ನಾನು ಬರೆದೆ, ಸ್ವಲ್ಪ ಉದ್ದವಾಗಿಯೇ:

‘ಚಿಕ್ಕಮ್ಮ, ದಯವಿಟ್ಟು ಅದರಲ್ಲಿರುವ ಯಾವುದನ್ನೂ ಹಾಕಬೇಡಿ. ನುಸಿಗುಳಿಗೆಯ ನಾಫ್ತಲಿನ್ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಒಂದೇ ಗುಳಿಗೆ ನುಂಗಿದರೂ ಅಪಾಯ. ಕಾಫಿ ಚರಟದಲ್ಲಿ ಕೆಫೀನ್ ಉಳಿದಿರುತ್ತದೆ. ಅದು ಹೊಟ್ಟೆಗೆ ಹೋದರೆ ನಾಯಿಯ ಎದೆಬಡಿತ ಏರುತ್ತದೆ, ಮೈ ನಡುಗುತ್ತದೆ, ಹೆಚ್ಚಾದರೆ ಸೆಳವು ಬರುತ್ತದೆ. ಖಾರದ ಪುಡಿ ಕಣ್ಣು, ಮೂಗನ್ನು ಸುಡುತ್ತದೆ. ಅಗೆದ ಕಾಲನ್ನು ನಾಯಿ ನೆಕ್ಕುತ್ತದೆ ಎಂಬುದನ್ನು ಮರೆಯಬೇಡಿ. ಡ್ಯಾಶ್‌ಹೌಂಡ್ ಎಂಬ ಜರ್ಮನ್ ಹೆಸರಿನಲ್ಲೇ ಬ್ಯಾಡ್ಜರ್ ಎಂಬ ಪ್ರಾಣಿ ಇದೆ. ಅದರ ಬಿಲಕ್ಕೆ ನುಗ್ಗಲೆಂದೇ ಈ ಗಿಡ್ಡ ಕಾಲಿನ ತಳಿಯನ್ನು ಬೆಳೆಸಿದರು. ಅಗೆಯುವುದು ಕೆಂಚನ ತಪ್ಪಲ್ಲ, ಅಪಶಕುನವೂ ಅಲ್ಲ. ಗುಂಡಿಗಳೆಲ್ಲ ಗುಲಾಬಿಯ ಬುಡದಲ್ಲೇ ಇವೆ. ಈಚೆಗೆ ಯಾವ ಗೊಬ್ಬರ ಹಾಕಿದ್ದೀರಿ?’

ಚಿಕ್ಕಮ್ಮನಿಂದ ಉತ್ತರ ಬಂತು: ‘ಎಲುಬಿನ ಪುಡಿ, ಹರಳು ಹಿಂಡಿ. ಎರಡು ವಾರವಾಯಿತು.’

ಕಾರಣ ಅಲ್ಲೇ ಇತ್ತು. ಎಲುಬಿನ ವಾಸನೆ ಇರುವ ಮಣ್ಣನ್ನು ಯಾವ ನಾಯಿ ತಾನೇ ಬಿಟ್ಟೀತು? ಹರಳು ಹಿಂಡಿಯಂತೂ ಇನ್ನೂ ಕೆಟ್ಟದ್ದು. ಹರಳು ಬೀಜದ ರಿಸಿನ್ ಎಂಬ ವಿಷ ಹಿಂಡಿಯಲ್ಲೂ ಉಳಿದಿರಬಹುದು. ಅದನ್ನು ಟೈಪ್ ಮಾಡುತ್ತಿದ್ದಾಗಲೇ ಅವರ ಫೋನ್ ಬಂತು.

‘ನಿನ್ನ ಸಂದೇಶ ಬರುವ ಮೊದಲೇ ಹಾಕಿಬಿಟ್ಟಿದ್ದೆ ಮಗಳೇ. ಭಾವ ಹೇಳಿದ್ದಾರಲ್ಲ ಎಂದು ಹಾಕಿದೆ. ಗುಂಡಿಗೆ ಎರಡರಂತೆ ಹತ್ತು ಗುಳಿಗೆ. ಈಗ ಒಂಬತ್ತು ಸಿಕ್ಕಿವೆ.’

ಬೆಳಿಗ್ಗೆ ಫೋಟೊ ಹಾಕಿದ ಮೇಲೆ ಸಂಜೆಯವರೆಗೆ ಅವರು ಒಂದು ಮಾತೂ ಬರೆದಿರಲಿಲ್ಲ. ಅವರು ಏಕೆ ಸುಮ್ಮನಿದ್ದಾರೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಕೆಂಚನನ್ನು ಜಗಲಿಯ ಕಂಬಕ್ಕೆ ಕಟ್ಟಿಸಿದೆ. ವಸಡು ಬಿಳುಚಿದೆಯೇ, ವಾಂತಿ ಮಾಡಿದನೇ ಎಂದು ಕೇಳಿದೆ. ಇಲ್ಲ ಎಂದರು. ಪಶುವೈದ್ಯರಿಗೆ ಫೋನ್ ಮಾಡಿ ಕಾರು ಹೊರಡಿಸಲು ಹೇಳಿದೆ. ಚಿಕ್ಕಪ್ಪ ಜ್ವರದ ಮೈಯಲ್ಲೇ ಟಾರ್ಚ್ ಹಿಡಿದು ಕೈಯಿಂದ ಮಣ್ಣು ಜಾಲಾಡಿದರು. ನಾಲ್ಕನೆಯ ಗುಂಡಿಯಲ್ಲಿ, ಗೇಣು ಆಳದಲ್ಲಿ, ಹತ್ತನೆಯದು ಸಿಕ್ಕಿತು. ಇಡಿಯಾಗಿತ್ತು, ಹಲ್ಲಿನ ಗುರುತಿರಲಿಲ್ಲ. ಆದರೂ ಚರಟ ನೆಕ್ಕಿರಬಹುದೆಂದು ವೈದ್ಯರ ಬಳಿಗೆ ಹೊರಟರು.

ಮುಂದೆ ಮಾಡಬೇಕಾದದ್ದನ್ನು ಚಿಕ್ಕಮ್ಮನಿಗೆ ಫೋನಿನಲ್ಲೇ ಹೇಳಿದೆ. ಗೊಬ್ಬರ ಹಾಕಿದ ಮೇಲ್ಮಣ್ಣು ತೆಗೆಸಿ, ಬುಡಕ್ಕೆ ತಂತಿಬಲೆ ಹಾಸಿ ಮೇಲೆ ಮಣ್ಣು ಎಳೆಯುವುದು. ನೆರಳಿನಲ್ಲಿ ಅವನಿಗೆಂದೇ ಒಂದು ಮರಳಿನ ಗುಂಡಿ ಮಾಡಿ, ಆಟದ ಚೆಂಡನ್ನು ಅದರಲ್ಲಿ ಹೂತಿಟ್ಟು ತೋರಿಸುವುದು. ಬೆಳಿಗ್ಗೆ ಸಂಜೆ ಸುತ್ತಾಡಿಸುವುದು, ಏಕೆಂದರೆ ಬೇಸರ ಬಂದ ನಾಯಿಯೂ ಅಗೆಯುತ್ತದೆ, ಸೆಕೆಯಾದರೆ ತಂಪು ಮಣ್ಣಿಗಾಗಿಯೂ ಅಗೆಯುತ್ತದೆ. ಅಗೆದು ಹೊತ್ತಾದ ಮೇಲೆ ಬೈಯಬಾರದು. ಏತಕ್ಕೆ ಬೈದರೆಂದು ಅದಕ್ಕೆ ತಿಳಿಯುವುದಿಲ್ಲ.

ಆಮೇಲೆ ನಡೆದದ್ದನ್ನೆಲ್ಲ ಗುಂಪಿನಲ್ಲಿ ಬರೆದೆ. ಅಲ್ಲಿ ಆಗ ಹಂಡೆಯ ತೂಕದ ಚರ್ಚೆ ನಡೆಯುತ್ತಿತ್ತು. ಹತ್ತು ನಿಮಿಷ ಯಾರೂ ಏನೂ ಹೇಳಲಿಲ್ಲ. ದೊಡ್ಡಪ್ಪ ಬೆಳಗಿನ ಫಾರ್ವರ್ಡನ್ನು ಅಳಿಸಿದರು. ಆಮೇಲೆ ಅತ್ತೆಯ ಸಂದೇಶ ಬಂತು.

‘ಕೆಂಚ ಈಗ ಹೇಗಿದ್ದಾನೆ?’