ಎಷ್ಟುದ್ದದ ಟ್ರೌಟ್ ಬಿದ್ದರೆ ಜಾಸ್ತಿ ಮಜಾ?

ಕುಣಿಗಲ್ ಗಾಳ
ಎಲ್ಲರಿಗೂ ನಮಸ್ಕಾರ. ಬಿದಿರು ಕಡ್ಡಿ, ಎರೆಹುಳು, ಬೆಂಡು, ನನ್ನ ಗಾಳದ ವಿದ್ಯೆ ಇಷ್ಟೇ. ಏಪ್ರಿಲ್‌ನಲ್ಲಿ ಭಾವಮೈದುನನ ಜೊತೆ ಹಿಮಾಚಲದ ತೀರ್ಥನ್ ಹೊಳೆಗೆ ಹೋಗಿ, ಟ್ರೌಟ್ ಅನ್ನೋ ತಣ್ಣೀರಿನ ಮೀನಿಗೆ ಮೊದಲ ಸಲ ಫ್ಲೈ ಫಿಶಿಂಗ್ ಮಾಡಿದೆ. ಅಂದರೆ ಎರೆಹುಳು ಬದಲು ಗರಿ ಸುತ್ತಿದ ನಕಲಿ ಹುಳ (ಅದೇ ಫ್ಲೈ) ಬೀಸಿ ಮೀನು ಹಿಡಿಯೋದು. ಹೋಗುವವರು ಲೈಸೆನ್ಸ್ ಮಾಡಿಸಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಮೀನು ಮೊಟ್ಟೆ ಇಡುವ ಕಾಲ, ಆಗ ಹಿಡಿಯೋ ಹಾಗಿಲ್ಲ.

ಮೊದಲ ದಿನ ಸಂಜೆ, ಉಳಿದುಕೊಂಡಿದ್ದ ಮನೆಯವರ ಸಾಕಣೆ ತೊಟ್ಟಿಯಲ್ಲಿ ಒಂದೂವರೆ ಕೆಜಿ ರೇನ್‌ಬೋ ಟ್ರೌಟ್ ಬಿತ್ತು. ಎಳೆದೆ, ಬಂತು. ಒದ್ದೆ ಗೋಣಿಚೀಲ ಎಳೆದ ಹಾಗಿತ್ತು. ಫೋಟೋ ಮಾತ್ರ ಚೆನ್ನಾಗಿ ಬಂದಿದೆ.

ಮಾರನೇ ದಿನ ಹೊಳೆಗೆ ಇಳಿದೆವು. ಮಂಡಿಯುದ್ದ ನೀರು, ಕಾಲು ಮರಗಟ್ಟುವಷ್ಟು ತಣ್ಣಗೆ. ಒಂದು ಬಂಡೆ ಪಕ್ಕ ನೀರಿನ ಮೇಲೆ ಸಣ್ಣ ಉಂಗುರ ಎದ್ದಿತು. ಮತ್ತೆ ಅದೇ ಜಾಗದಲ್ಲಿ ಇನ್ನೊಂದು. ಮೀನು ಮೇಲೆ ಬಂದು ಹುಳ ತಿನ್ನುತ್ತಿದೆ ಅಂತ ಗೊತ್ತಾಯಿತು. ಎರಡು ಸಲ ಬೀಸಿದಾಗಲೂ ದಾರ ಹಿಂದಿನ ಪೊದೆಗೆ ಸಿಕ್ಕಿಕೊಂಡಿತು. ಮೂರನೇ ಸಲ ಫ್ಲೈ ಸರಿಯಾಗಿ ಬಂಡೆ ಮೇಲ್ಗಡೆ ಬಿತ್ತು, ತೇಲಿಕೊಂಡು ಬಂತು, ಗುಳುಂ! ಕಡ್ಡಿ ಬಿಲ್ಲಾಯಿತು. ಮೀನು ಬಂಡೆ ಸುತ್ತಿ ದಾರ ಹರಿಯೋಕೆ ನೋಡಿತು. ನಾನೂ ಬಿದ್ದು ಎದ್ದು ಹಿಂದೆಯೇ ಓಡಿದೆ. ಕೈಗೆ ಬಂದಾಗ ನೋಡಿದರೆ ಬ್ರೌನ್ ಟ್ರೌಟ್, ಹತ್ತೇ ಇಂಚು! ಹೊಟ್ಟೆ ಬೆಣ್ಣೆ ಕಾಯಿಸಿದ ಬಣ್ಣ, ಪಕ್ಕದಲ್ಲಿ ಕೆಂಪು ಚುಕ್ಕೆ, ಚುಕ್ಕೆ ಸುತ್ತ ತಿಳಿ ಬಣ್ಣದ ಬಳೆ. ನೀರಲ್ಲೇ ಬಿಡಿಸಿ ಬಿಟ್ಟೆ.

"ಇದಕ್ಕಾ ಎರಡು ಸಾವಿರ ಕಿಲೋಮೀಟರ್ ಬಂದಿದ್ದು?" ಅಂದ ಭಾವಮೈದುನ. ಆದರೆ ಇವತ್ತಿಗೂ ರಾತ್ರಿ ಕಣ್ಣಿಗೆ ಬರೋದು ಆ ಹತ್ತಿಂಚಿನದೇ. ನನಗೊಬ್ಬನಿಗೇ ಹೀಗಾ? ನಿಮಗೆ ಎಷ್ಟು ದೊಡ್ಡದಿದ್ದರೆ ಖುಷಿ?

ಮಧುಗಿರಿಯವನು
ಗೇಣುದ್ದದ ಮೀನಿಗೆ ಇಷ್ಟು ದೊಡ್ಡ ಪುರಾಣನಾ ಗುರೂ? ದೊಡ್ಡದು ದೊಡ್ಡದೇ. ನಮ್ಮ ಕೆರೆ ಕೋಡಿ ಬಿದ್ದಾಗ ನಾಲ್ಕು ಕೆಜಿ ಕಾಟ್ಲಾ ಎಳೆದಿದ್ದೀನಿ, ಎರಡು ದಿನ ತೋಳು ನೋವಿತ್ತು. ಅದು ಮಜಾ.

ಹಳೇ ಕಡ್ಡಿ, ಶಿರಾ
ಮಧುಗಿರಿಯವರೇ, ನೀವು ಎಳೆದಿದ್ದು ಯಾವ ಕಡ್ಡಿಯಲ್ಲಿ ಅನ್ನೋದೂ ಮುಖ್ಯ ಅಲ್ವಾ? ಕೆಲಸದ ಮೇಲೆ ಊಟಿ ಕಡೆ ಕೆಲವು ವರ್ಷ ಇದ್ದೆ, ಅಲ್ಲಿ ಈ ಚಟ ಹತ್ತಿತು. ನಮ್ಮ ಗಾಳದಲ್ಲಿ ಸೀಸದ ಗುಂಡಿನ ಭಾರಕ್ಕೆ ದಾರ ದೂರ ಹೋಗುತ್ತೆ. ಫ್ಲೈನಲ್ಲಿ ಹಾಗಲ್ಲ. ಫ್ಲೈಗೆ ಭಾರವೇ ಇಲ್ಲ, ದಪ್ಪ ದಾರದ ಭಾರದಲ್ಲೇ ಬೀಸಬೇಕು. ಆ ದಾರದ ಭಾರಕ್ಕೆ ತಕ್ಕ ಹಾಗೆ ಕಡ್ಡಿಗೆ ನಂಬರ್. 3ನೇ ನಂಬರ್ ಕಡ್ಡಿ ಬಳುಕುತ್ತೆ, ಹತ್ತಿಂಚಿನ ಮೀನು ತಲೆ ಒದರಿದರೂ ಅಂಗೈಗೆ ಗೊತ್ತಾಗುತ್ತೆ. ಅದೇ ಮೀನು 8ನೇ ನಂಬರ್‌ಗೆ ಬಿದ್ದರೆ ತರಗೆಲೆ ಎಳೆದ ಹಾಗೆ.

ನನ್ನ ಲೆಕ್ಕ ಕೇಳಿದರೆ ಸಣ್ಣ ಹೊಳೆ, 3ನೇ ನಂಬರ್ ಕಡ್ಡಿ, ಹತ್ತರಿಂದ ಹದಿಮೂರು ಇಂಚು. ಅದಕ್ಕಿಂತ ದೊಡ್ಡದು ಬಿದ್ದರೆ ಖುಷಿಗಿಂತ ಭಯ ಜಾಸ್ತಿ. ದಾರದ ತುದಿ ತೀರಾ ತೆಳು, ಜೋರಾಗಿ ಎಳೆಯೋಕಾಗಲ್ಲ, ಆಡಿಸ್ತಾ ಆಡಿಸ್ತಾ ಮೀನು ಸುಸ್ತಾಗುತ್ತೆ. ಹಾಗೆ ಸುಸ್ತಾದದ್ದನ್ನು ಬಿಟ್ಟರೂ ಆಮೇಲೆ ಸಾಯಬಹುದು. ನೀರು 20 ಡಿಗ್ರಿ ದಾಟಿದ್ದರಂತೂ ಟ್ರೌಟ್‌ಗೆ ಗಾಳ ಹಾಕಲೇಬೇಡಿ. ಬಿಡುವಾಗ ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತೆ.

ತೊಟ್ಟಿ ಮೀನಿನ ಕಥೆ ಬಿಡಿ. ಅದು ತಿಂಡಿ ತಟ್ಟೆ ಬಂತು ಅಂದುಕೊಂಡು ಬಾಯಿ ಹಾಕಿರುತ್ತೆ, ಪಾಪ.

ಚಿ.ನಾ.ಹಳ್ಳಿ ಹುಡುಗ
ಟ್ರೌಟ್ ನಮ್ಮ ಬಿಸಿಲಿಗೆ ಬದುಕಲ್ಲ, ಬಿಡಿ. ಫ್ಲೈಗೆ ನಮ್ಮ ಕೆರೆ ಜಿಲೇಬಿ ಮೀನು (ತಿಲಾಪಿಯಾ) ಬೀಳುತ್ತಾ ಅಣ್ಣ?

ಹಳೇ ಕಡ್ಡಿ, ಶಿರಾ
ಚೆನ್ನಾಗೇ ಬೀಳುತ್ತೆ. ಸಣ್ಣ ಗಾಳಕ್ಕೆ ನಾಟಿ ಹುಂಜದ ಕತ್ತಿನ ಗರಿ ಸುತ್ತಿ ನೋಡು. ಟ್ರೌಟ್ ಫ್ಲೈಗೂ ಹುಂಜದ ಕತ್ತಿನ ಗರಿಯನ್ನೇ ಸುತ್ತೋದು. ಕೆರೆ ಹರಾಜು ಹಿಡಿದವರನ್ನು ಕೇಳಿಕೊಂಡೇ ಇಳಿ, ಸುಮ್ನೆ ಜಗಳ ಬೇಡ.

ಕುಣಿಗಲ್ ಗಾಳ
ಹಳೇ ಕಡ್ಡಿ ಅವರಿಗೆ ಥ್ಯಾಂಕ್ಸ್. ಭಾನುವಾರ ದೊಡ್ಡಪ್ಪನ ತೋಟದ ಕೃಷಿ ಹೊಂಡದಲ್ಲಿ ಗರಿ ಸುತ್ತಿ ಬಿಟ್ಟೆ. ಅಂಗೈಯಗಲದ ಜಿಲೇಬಿ ನಾಲ್ಕು ಬಿದ್ದವು. ಮೈ ಅಡ್ಡ ತಿರುಗಿಸಿಕೊಂಡು ಗಿರಗಿರ ಸುತ್ತುತ್ತವೆ, ಗಾತ್ರಕ್ಕಿಂತ ಎಳೆತ ಜಾಸ್ತಿ. ನಾಲ್ಕರಲ್ಲಿ ಒಂದು ಮಾತ್ರ ಆ ತೀರ್ಥನ್ ಮೀನಿನ ಥರ ಕೊನೇವರೆಗೂ ಆಟ ಆಡಿಸಿತು. ಅದೇ ಎಲ್ಲಕ್ಕಿಂತ ಚಿಕ್ಕದು.

ಈ ವಾರ ಇನ್ನೊಂದಷ್ಟು ಫ್ಲೈ ಕಟ್ಟೋಣ ಅಂದುಕೊಂಡಿದ್ದೆ. ಹುಂಜದ ಕತ್ತು ಬೋಳಾಗಿರೋದು ನೋಡಿ ಅಮ್ಮ ಕೋಳಿಗೂಡಿಗೆ ಬೀಗ ಹಾಕಿದ್ದಾಳೆ.