ಪರೀಕ್ಷೆ ಬಿಟ್ಟವರು ಹೇಳಿ: 'ಓದ್ತಾ ಇದ್ದೀನಿ' ಅನ್ನೋ ಗುರುತಿನಿಂದ ಹೊರಗೆ ಬಂದಿದ್ದು ಹೇಗೆ?

ಸಪ್ತಾಪುರದ ರೂಮಿನವ

ವಯಸ್ಸು 33. ಊರು ರಾಣೆಬೆನ್ನೂರು ಕಡೆ. ಡಿಗ್ರಿ ಮುಗಿದಾಗಿನಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ, ಅಂದರೆ ರಾಜ್ಯ ಆಡಳಿತ ಸೇವೆಯ ಪರೀಕ್ಷೆಗೆ ಓದುತ್ತಿದ್ದೇನೆ. ಒಮ್ಮೆ ಮೇನ್ಸ್ ತನಕ ಹೋಗಿದ್ದೆ. ಈಗ ಊರ ಹತ್ತಿರದ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಕರೆಯುತ್ತಿದ್ದಾರೆ, ಸಂಬಳ 16,000. ಹೋಗು ಅಂತ ಬುದ್ಧಿ ಹೇಳುತ್ತೆ. ಆದರೆ ಪರೀಕ್ಷೆ ಬಿಟ್ಟರೆ ನಾನು ಯಾರು ಅಂತಾನೇ ತೋಚುತ್ತಿಲ್ಲ. ಊರಲ್ಲಿ ನನಗಿರುವ ಮರ್ಯಾದೆ ಎಲ್ಲ 'ಮುಂದೆ ಸಾಹೇಬ ಆಗೋನು' ಅನ್ನೋದರ ಮೇಲೆ ನಿಂತಿದೆ. ಇತ್ತೀಚೆಗೆ ನಿದ್ದೆಯೂ ಸರಿ ಇಲ್ಲ. ಬಿಟ್ಟು ಹೊರಗೆ ಬಂದವರು ನಿಮ್ಮನ್ನು ನೀವು ನೋಡಿಕೊಳ್ಳುವ ರೀತಿ ಹೇಗೆ ಬದಲಾಯಿತು, ಎಷ್ಟು ಕಾಲ ಹಿಡಿಯಿತು, ಮನೆಯಲ್ಲಿ ಹೇಗೆ ಹೇಳಿದಿರಿ, ಸ್ವಲ್ಪ ತಿಳಿಸಿ.

ಗಾಣದ ಮನೆ

ತಮ್ಮಾ, ನಾನೂ ಸಪ್ತಾಪುರದವನೇ. ಬಿಟ್ಟು ಬಂದು ಊರಲ್ಲಿ ಮರದ ಗಾಣ ಹಾಕಿದೆ. ಎಲ್ಲರೂ 'ಆತ್ಮವಿಶ್ವಾಸ ಬೇಕು' ಅಂತಾರೆ. ಆತ್ಮವಿಶ್ವಾಸಕ್ಕಿಂತ ಮೊದಲು ತ್ರೀ ಫೇಸ್ ಕರೆಂಟು ಬೇಕು. ನನ್ನ ಗಾಣದ ಮೋಟರು 5 ಎಚ್‌ಪಿ. ಮನೆಯ ಸಿಂಗಲ್ ಫೇಸ್‌ನಲ್ಲಿ ಅದು ತಿರುಗಲ್ಲ. ಕಂಬ, ಡಿಪಾಜಿಟ್, ಮೀಟರು, ಗುತ್ತಿಗೆದಾರನ ಕೂಲಿ ಎಲ್ಲ ಸೇರಿ 61,000 ಹೋಯಿತು. ಗಾಣಕ್ಕೆ 2,35,000. ಬಾಗೆ ಮರದ ಒರಳು ಅಂತ ಹೇಳಿ ಕೊಟ್ಟಿದ್ದು ಮೊದಲ ಬೇಸಿಗೆಗೇ ಸೀಳು ಬಿಟ್ಟಿತು, ಅದನ್ನು ಬದಲಾಯಿಸೋಕೆ ಮತ್ತೆ 28,000. ಮಾರಿದವನು ಫೋನೇ ಎತ್ತಲಿಲ್ಲ.

ನಾನು ಹಾಕಿದಾಗ ಸಬ್ಸಿಡಿ ಇತ್ತು, ಪಿಎಂಎಫ್‌ಎಂಇ ಅಂತ, ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಯೋಜನೆ. ಕೇಂದ್ರದ್ದು ಶೇ. 35, ರಾಜ್ಯ ಅದಕ್ಕೆ ಶೇ. 15 ಸೇರಿಸುತ್ತಿತ್ತು. ಆದರೆ ಅದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡು ಬರೋದು. ಸಾಲ ಕೊಡುವ ಮ್ಯಾನೇಜರ್ ಕೇಳೋ ಮೊದಲ ಪ್ರಶ್ನೆ 'ಇಷ್ಟು ವರ್ಷ ಏನ್ ಮಾಡ್ತಿದ್ರಿ?' ಅಂತ. ನಾನು ಮಾತಾಡದೆ ಸುಮ್ನೆ ಕೂತಿದ್ದೆ. ಅವರೇ 'ಕೆಎಎಸ್ಸಾ? ನನ್ನ ಮಗನೂ ಅದೇ' ಅಂದರು. ಆಮೇಲೆ ಫೈಲು ಸರಸರ ಓಡಿತು.

ಎರಡು ಹಂಗಾಮು ನಾನು ಇಸ್ತ್ರಿ ಅಂಗಿ ಹಾಕಿಕೊಂಡೇ ಗಾಣಕ್ಕೆ ಬರುತ್ತಿದ್ದೆ. ಎಣ್ಣೆ ತಗೊಳ್ಳೋಕೆ ಬಂದವರು ಏನಾದರೂ ಕೇಳಿದರೆ 'ಇದು ಸೈಡು, ಓದು ನಡೀತಾ ಇದೆ' ಅಂತಿದ್ದೆ. ಓದು ಎಲ್ಲಿ ನಡೀತಿತ್ತು? ಸಿಲಬಸ್ ಮೇಲೆ ಶೇಂಗಾ ಹಿಂಡಿಯ ಚೀಲ ಇತ್ತು. ಕೊನೆಗೆ ಆಹಾರ ಮಾರೋಕೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಬಾಟಲಿಗೆ ಲೇಬಲ್ ಅಚ್ಚು ಹಾಕಿಸಿದೆ. ಲೇಬಲ್ ಮೇಲೆ ನನ್ನ ಮೊಬೈಲ್ ನಂಬರು. ಗುರುತಿಲ್ಲದವರು ಫೋನ್ ಮಾಡಿ 'ಎಣ್ಣೆ ಅಣ್ಣಾ, ಕುಸುಬೆದು ಇದೆಯಾ?' ಅಂತ ಕೇಳತೊಡಗಿದರು. ಆ ಜನಕ್ಕೆ ನಾನು ಓದಿದ್ದೂ ಗೊತ್ತಿಲ್ಲ, ಬಿಟ್ಟಿದ್ದೂ ಗೊತ್ತಿಲ್ಲ. ಅವರ ಜೊತೆ ಮಾತಾಡ್ತಾ ಮಾತಾಡ್ತಾ ನಾನು ಎಣ್ಣೆಯವನಾದೆ. ಕನ್ನಡಿ ಮುಂದೆ ನಿಂತು ಯಾರೂ ಬದಲಾಗಲ್ಲ. ಗಿರಾಕಿ ಮುಂದೆ ನಿಂತು ಬದಲಾಗ್ತಾರೆ.

ಇನ್ನೊಂದು ಮಾತು. ಸರ್ಕಾರಿ ನೌಕರಿ ಅಂದರೆ ಇನ್ನೊಬ್ಬರ ಸಹಿಗೆ ಕಾಯೋ ಜೀತ. ತಪ್ಪಿಸಿಕೊಂಡೆ ಅಂತ ಖುಷಿಪಡು.

ಟಪ್ಪಾಲು ಅಕ್ಕ

ಗಾಣದ ಮನೆಯವರೇ, ಜೀತ ಅಂದಿರಲ್ಲ, ನಿಮ್ಮ ಸಬ್ಸಿಡಿ ಫೈಲು ಸರಸರ ಓಡಿಸಿದ್ದೂ ಒಬ್ಬ ಗುಮಾಸ್ತನೇ.

ನಾನು ಎಫ್‌ಡಿಎ, ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕಿ. 2021ರ ಜನವರಿ 24ಕ್ಕೆ ಇದ್ದ ಪರೀಕ್ಷೆ ಪ್ರಶ್ನೆಪತ್ರಿಕೆ ಸೋರಿ ಹಿಂದಿನ ದಿನವೇ ಮುಂದಕ್ಕೆ ಹೋಯಿತಲ್ಲ, ಆ ಬ್ಯಾಚು. ಹಾಲ್ ಟಿಕೆಟ್ ಹಿಡಿದುಕೊಂಡು ಆಗಲೇ ಬಸ್ಸಲ್ಲಿದ್ದೆ. ಲಾಡ್ಜಿಗೆ ಕೊಟ್ಟ 700 ವಾಪಸ್ ಬರಲಿಲ್ಲ. ಮತ್ತೆ ಫೆಬ್ರವರಿ 28ಕ್ಕೆ ಹೋಗಿ ಬರೆದು ಬಂದೆ. ಕೆಲಸ ಸಿಕ್ಕಿದಾಗ ಮನೆಯಲ್ಲಿ ಹೋಳಿಗೆ. ನಾನು ಮಾತ್ರ ಬಚ್ಚಲಲ್ಲಿ ಅತ್ತೆ. ಯಾಕೆಂದರೆ ನನ್ನ ತಲೆಯಲ್ಲಿ ನಾನು ತಹಶೀಲ್ದಾರ್, 27,650ರ ಶ್ರೇಣಿಯ ಎಫ್‌ಡಿಎ ಅಲ್ಲ.

ಬೆಂಗಳೂರು ವಿಜಯನಗರದ ಪಿಜಿಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವಳು ಈಗ ಅಧಿಕಾರಿ. ನಾನು ಹಾಕಿದ ಟಿಪ್ಪಣಿಗೆ ಅವಳು ಸಹಿ ಹಾಕುತ್ತಾಳೆ. ಪಿಜಿಯಲ್ಲಿ ನನ್ನ ನೋಟ್ಸು ಓದಿದವಳು, ಈಗ ನಾನು 'ಮೇಡಂ' ಅನ್ನಬೇಕು. ಅವಳೇನೂ ಜಂಬ ಮಾಡಲ್ಲ, ಪಾಪ. ಅದೇ ಇನ್ನೂ ಕಷ್ಟ.

ಹೊರಗೆ ಬಂದಿದ್ದು ಹೇಗೆ ಅಂದರೆ, ಯಾರೋ ವಿಧವಾ ವೇತನದ ಅಜ್ಜಿಯ ಅರ್ಜಿ. ಹೆಸರಲ್ಲಿ ಒಂದು ಅಕ್ಷರ ತಪ್ಪು ಅಂತ ಮೂರು ಟೇಬಲ್ ಸುತ್ತಿ ನನ್ನ ಟೇಬಲ್‌ಗೆ ಬಂದಿತ್ತು. ಮೇನ್ಸ್ ಉತ್ತರ ಬರೆದು ಬರೆದು ಕೈ ಪಳಗಿತ್ತು, ಅಲ್ವಾ? ಹಿನ್ನೆಲೆ, ನಿಯಮ, ಪ್ರಸ್ತಾವ ಅಂತ ಒಂದೂವರೆ ಪುಟದ ಟಿಪ್ಪಣಿ ಬರೆದೆ. ಪ್ರಶ್ನೆ ಕೇಳದೆ ಮಂಜೂರಾಯಿತು. ಈಗ ಕಚೇರಿಯಲ್ಲಿ ಕಗ್ಗಂಟಿನ ಫೈಲು ಬಂದರೆ 'ಅಕ್ಕನ ಹತ್ರ ಕೊಡಿ' ಅಂತಾರೆ. ಸರ್ಕಾರಿ ಸೇವೆಗೆ ದಿನ ನಿಗದಿ ಮಾಡೋ 'ಸಕಾಲ' ಕಾಯ್ದೆಯ ಗಡುವು ಮೀರಿದ ಅರ್ಜಿ ನನ್ನ ಟೇಬಲ್ ಮೇಲೆ ಒಂದೂ ಇಲ್ಲ. ಸಾಹೇಬರು ಬದಲಾಗ್ತಾ ಇರ್ತಾರೆ, ನಾನು ಇಲ್ಲೇ ಇರ್ತೀನಿ. ಜೀತ ಅಂತೆ!

ಗಾಣದ ಮನೆ

ಅಕ್ಕಾ, ನಿಮ್ಮಂಥವರು ಹತ್ತಕ್ಕೊಬ್ಬರು. ಉಳಿದ ಒಂಬತ್ತು ಟೇಬಲ್ ನಾನು ನೋಡಿ ಬಂದವನು.

1600 ಮೀಟರ್

ನನ್ನ ಕಥೆ ಬೇರೆ. ನಾನು ಬಿಡಲಿಲ್ಲ, ನನ್ನ ಕೈಯಿಂದ ಕಿತ್ತುಕೊಂಡರು. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ನೇಮಕಾತಿ. ಪರೀಕ್ಷೆ 2021ರ ಅಕ್ಟೋಬರ್ 3. ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹೆಸರಿತ್ತು. ಊರಲ್ಲಿ ಬ್ಯಾನರ್ ಕಟ್ಟಿದ್ದರು. ಆಮೇಲೆ ಬ್ಲೂಟೂತಲ್ಲಿ ಉತ್ತರ ಹೇಳಿಸಿಕೊಂಡಿದ್ದು, ಓಎಂಆರ್ ಉತ್ತರ ಹಾಳೆ ತಿದ್ದಿದ್ದು ಎಲ್ಲ ಹೊರಗೆ ಬಂದು 2022ರ ಏಪ್ರಿಲ್ ಕೊನೆಗೆ ಇಡೀ ಪರೀಕ್ಷೆ ರದ್ದು. ಮರುಪರೀಕ್ಷೆ ಆಗಿದ್ದು 2024ರ ಜನವರಿ 23ಕ್ಕೆ. ಅಷ್ಟು ಹೊತ್ತಿಗೆ ನನ್ನ ಅಪ್ಪನಿಗೆ ಪಾರ್ಶ್ವವಾಯು, ತಂಗಿಯ ಮದುವೆ, ಕೈಯಲ್ಲಿ ಪುಸ್ತಕ ಹಿಡಿಯೋಕೆ ಪುರುಸೊತ್ತಿಲ್ಲ. ಬರೆದೆ, ಆಗಲಿಲ್ಲ.

ರದ್ದಾದದ್ದು ದುಃಖ ಅಲ್ಲ. ಚಹಾ ಅಂಗಡಿಯಲ್ಲಿ 'ಎಷ್ಟು ಕೊಟ್ಟಿದ್ದೆ ಮಾರಾಯ? ದುಡ್ಡು ವಾಪಸ್ ಬಂತಾ?' ಅಂತ ಕೇಳ್ತಿದ್ದರಲ್ಲ, ಅದು. ಹೊಲ ಮಾರಿ ಕೊಟ್ಟಿದ್ದಾನೆ ಅಂತ ಸುದ್ದಿ. ನಮಗೆ ಇರೋದೇ ಒಂದೂವರೆ ಎಕರೆ, ಅದು ಈಗಲೂ ಅಲ್ಲೇ ಇದೆ, ಪಹಣಿ ತೆಗೆದು ನೋಡಬಹುದು. ಒಬ್ಬನಿಗೆ ನಿಜವಾಗಲೂ ಪಹಣಿ ತೋರಿಸಿದೆ. ಆಮೇಲೆ 'ಇವನಿಗೆ ಯಾಕೆ ತೋರಿಸಿದೆ' ಅಂತ ರಾತ್ರಿಯೆಲ್ಲ ಕುದಿದೆ. ಅವರು ಕಳ್ಳ ಅಂದರೆ ಕಳ್ಳ, ಸಾಹೇಬ ಅಂದರೆ ಸಾಹೇಬ, ಹಾಗೇ ಬದುಕುತ್ತಿದ್ದೆ.

ಈಗ ತಾಲ್ಲೂಕು ಮೈದಾನದಲ್ಲಿ ಬೆಳಗ್ಗೆ ಐದಕ್ಕೆ ಹುಡುಗರನ್ನು ಓಡಿಸುತ್ತೇನೆ. ಪಿಎಸ್‌ಐಗೆ 1600 ಮೀಟರ್ ಏಳು ನಿಮಿಷ ಸಾಕು. ಅಗ್ನಿವೀರದಲ್ಲಿ ಪೂರ್ತಿ ಅಂಕ ಬೇಕಂದರೆ 1.6 ಕಿಮೀ ಐದೂವರೆ ನಿಮಿಷದೊಳಗೆ ಮುಗಿಸಬೇಕು. ಆ ಒಂದೂವರೆ ನಿಮಿಷ ಇಳಿಸೋದೇ ನನ್ನ ಕೆಲಸ. 7.26 ಕೆಜಿಯ ಗುಂಡು ಎರಡು ತಂದೆ, ಒಂದು ಕಳುವಾಯಿತು. ಕಬ್ಬಿಣದ ಗುಂಡು ಕದ್ದು ಏನು ಮಾಡ್ತಾರೋ ದೇವರಿಗೇ ಗೊತ್ತು. ಸ್ಟಾಪ್‌ವಾಚ್ 900, ಕೋನ್‌ಗಳು 1,200, ಸುಣ್ಣದ ಪುಡಿ ತಿಂಗಳಿಗೆ 350. ಫೀಸು ತಲೆಗೆ 800, ಕೊಡೋಕೆ ಆಗದವರಿಗೆ ಇಲ್ಲ. ಹುಡುಗರು ಸ್ಟಾಪ್‌ವಾಚ್ ನೋಡ್ತಾರೆ, ನನ್ನ ಹಳೇ ಕಥೆ ಕೇಳಲ್ಲ. ಅಷ್ಟೇ ನನಗೆ ಬೇಕಿತ್ತು.

ಬೆಳಗಿನ ಬರಹ

ಇಲ್ಲಿ ಎಲ್ಲರೂ ಹೊರಗಿನ ಬದಲಾವಣೆ ಹೇಳ್ತಿದ್ದೀರಿ. ಬದಲಾಗಬೇಕಾದ್ದು ಒಳಗೆ. ನಾನು ಬೆಂಗಳೂರಲ್ಲಿ ಎರಡು ದಿನದ ಶಿಬಿರ ಮಾಡಿದೆ. ಫೀಸು 24,000, ಊಟ ಸೇರಿ. ಉಳಿಯೋದು ಬೇರೆ, 3,800. ದುಬಾರಿ ಅಂತ ನನ್ನ ಹೆಂಡತಿಯೂ ಜಗಳ ಮಾಡಿದಳು. ಆದರೆ ಫಲ ಸಿಕ್ಕಿದೆ. 21 ದಿನ ಬೆಳಗ್ಗೆ ಎದ್ದು 'ನಾನು ಗೆದ್ದವನು' ಅಂತ ಬರೆಯಬೇಕು. ಮೆದುಳಿಗೆ ಹೊಸ ಅಭ್ಯಾಸ ಕೂರೋಕೆ 21 ದಿನ ಸಾಕು, ಇದು ವಿಜ್ಞಾನ. ಈಗ ನಾನು ವಿಮೆ ಕ್ಷೇತ್ರದಲ್ಲಿದ್ದೇನೆ, ಏಜೆಂಟರ ಕ್ಲಬ್ ಸದಸ್ಯ ಕೂಡ. ಪೋಸ್ಟ್ ಹಾಕಿದ ಬ್ರದರ್, ಬೇಕಾದರೆ ಮೆಸೇಜ್ ಮಾಡಿ.

ಗಾಣದ ಮನೆ

ಬಂದರು ನೋಡಿ. 24,000ಕ್ಕೆ ನಾನು ಎರಡು ಕ್ವಿಂಟಾಲ್ ಶೇಂಗಾ ಬೀಜ ತರ್ತಿದ್ದೆ. ಬ್ರದರ್ ಮೆಸೇಜ್ ಮಾಡಿದರೆ ಶಿಬಿರ ಮಾರ್ತೀರೋ, ಪಾಲಿಸಿ ಮಾರ್ತೀರೋ?

ಬೆಳಗಿನ ಬರಹ

ನೀವು ಎಣ್ಣೆ ಮಾರೋಕೆ ಬಂದಿಲ್ಲವಾ? ಲೇಬಲ್, ನಂಬರು, ಕುಸುಬೆ ಎಲ್ಲ ಯಾರು ಹೇಳಿದ್ದು? ಕಾಯಕವೇ ಕೈಲಾಸ ಅಂದ ನಾಡಲ್ಲಿ ವಿಮೆ ಏಜೆಂಟ್ ಅಂದರೆ ಮಾತ್ರ ಯಾಕೆ ಕೀಳು?

ರಾತ್ರಿ ಪಾಳಿ

ನರ್ಸಿಂಗ್ ಓದಿದವಳು, ಸುಮ್ನೆ ಓದಿಕೊಂಡು ಹೋಗ್ತಿದ್ದೆ. 21 ದಿನ ವಿಜ್ಞಾನ ಅಂದಿದ್ದಕ್ಕೆ ಬರೆಯಲೇಬೇಕಾಯಿತು. ಆ ಸಂಖ್ಯೆ ಬಂದಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ನಿಂದ. ಆಪರೇಷನ್ ಆದವರಿಗೆ ಹೊಸ ಮುಖ ತಮ್ಮದೇ ಅಂತ ಒಗ್ಗೋಕೆ ಕಮ್ಮಿ ಅಂದರೂ ಸುಮಾರು 21 ದಿನ ಬೇಕು ಅಂತ 1960ರಲ್ಲಿ ಬರೆದರು. 'ಕಮ್ಮಿ ಅಂದರೂ' ಅನ್ನೋದನ್ನು ಶಿಬಿರದವರು ನುಂಗಿಬಿಟ್ಟರು. ಅಭ್ಯಾಸದ ಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನೋಡಿದಾಗ ಬಂದಿದ್ದು ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254. ಅದೂ ನೀರು ಕುಡಿಯೋದು, ಹಣ್ಣು ತಿನ್ನೋದು, ಓಡೋದು ಇಂಥವಕ್ಕೆ. 'ನಾನು ಯಾರು' ಅನ್ನೋದಕ್ಕಲ್ಲ.

ಇನ್ನು ಪೋಸ್ಟ್ ಹಾಕಿದ ಅಣ್ಣ ನಿದ್ದೆ ಇಲ್ಲ ಅಂದಿದ್ದನ್ನು ಯಾರೂ ಓದಲೇ ಇಲ್ಲವಾ? ಅಣ್ಣಾ, ನೀವು ಇರೋ ಊರಲ್ಲೇ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ. ಒಪಿಡಿ ಚೀಟಿ ಮಾಡಿಸಿ ಒಂದು ಸಲ ತೋರಿಸಿ. ಹೋಗೋಕೆ ಮುಜುಗರ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಬೆಳಗಿನ ಬರಹ

ಎಲ್ಲದಕ್ಕೂ ಆಸ್ಪತ್ರೆ ಅನ್ನೋ ಮನಸ್ಥಿತಿಯೇ ಸಮಸ್ಯೆ. ನನಗೆ ಕೆಲಸ ಮಾಡಿದೆ, ಅಷ್ಟು ಸಾಕು.

ರಾತ್ರಿ ಪಾಳಿ

ನಿಮಗೆ ಕೆಲಸ ಮಾಡಿದ್ದು ಬರಹವೋ, ಕಮಿಷನ್ನೋ?

1600 ಮೀಟರ್

ಮೇಡಂ ಹೇಳಿದ್ದು ಸರಿ. ನಮ್ಮ ಬ್ಯಾಚಿನ ಒಬ್ಬನನ್ನು ನಾವು ಸಕಾಲಕ್ಕೆ ಕರಕೊಂಡು ಹೋಗಿದ್ದರಿಂದ ಉಳಿದ. ಇದರಲ್ಲಿ ತಮಾಷೆ ಬೇಡ.

ಸಪ್ತಾಪುರದ ರೂಮಿನವ

ಎಲ್ಲರಿಗೂ ಥ್ಯಾಂಕ್ಸ್. ನಂಬರು ಬರೆದುಕೊಂಡೆ. ಮನೆಯಲ್ಲಿ ಹೇಗೆ ಹೇಳೋದು ಅಂತ ಯಾರೂ ಹೇಳಲಿಲ್ಲ. ಅಪ್ಪ 'ಮತ್ತೆ ವಯೋಮಿತಿ ಸಡಿಲಿಸಿದ್ದಾರಂತೆ' ಅಂತ ಪೇಪರ್ ಕಟಿಂಗ್ ಇಟ್ಟುಕೊಂಡಿರ್ತಾರೆ.

ಟಪ್ಪಾಲು ಅಕ್ಕ

ಆ ಸಡಿಲಿಕೆ ಬಂದಾಗಲೆಲ್ಲ ನಮ್ಮ ಮನೆಯಲ್ಲೂ ಇದೇ ನಾಟಕ, ತಮ್ಮಾ. ಕೆಎಎಸ್‌ನ 384 ಹುದ್ದೆಗೆ ಕರೆದಾಗ ನಾನೂ ನೌಕರಿಯಲ್ಲಿದ್ದುಕೊಂಡೇ ಅರ್ಜಿ ಹಾಕಿದೆ. 2024ರ ಆಗಸ್ಟ್ 27ರ ಪ್ರಿಲಿಮ್ಸ್‌ನಲ್ಲಿ ಕನ್ನಡ ಪ್ರಶ್ನೆ ಅರ್ಥವಾಗದೆ ಇಂಗ್ಲಿಷ್ ಓದಿ ಉತ್ತರ ಹಾಕಿದೆ. ಭಾಷಾಂತರದ ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು. ಎರಡನೇ ಸಲ ನಾನು ಹೋಗಲೇ ಇಲ್ಲ. ರಜೆ ಹಾಕಿದ್ದೆ, ಮನೆಯಲ್ಲೇ ಮಲಗಿದೆ. ಅಮ್ಮನಿಗೆ ಅವತ್ತೇ ಅರ್ಥವಾಯಿತು, ನಾನು ಬಾಯಿ ಬಿಡಬೇಕಾಗಲಿಲ್ಲ.

ಗಾಣದ ಮನೆ

ಅಪ್ಪನಿಗೆ ಮೊದಲ ತಿಂಗಳ ಸಂಬಳದಲ್ಲಿ ಏನಾದರೂ ಕೊಡಿಸು. ನಾನು ನಮ್ಮಪ್ಪನಿಗೆ ಐದು ಲೀಟರ್ ಶೇಂಗಾ ಎಣ್ಣೆ ಕೊಟ್ಟೆ. 'ಕಹಿ ಇದೆ' ಅಂದರು. ನಿಜವಾಗಲೂ ಇತ್ತು, ಬೀಜ ಮುಗ್ಗಿತ್ತು.

ಬೆಳಗಿನ ಬರಹ

ಮುಗ್ಗಿದ ಬೀಜದ ಎಣ್ಣೆ ಲೀಟರಿಗೆ ಎಷ್ಟಕ್ಕೆ ಮಾರ್ತಿದ್ರಿ?

ಗಾಣದ ಮನೆ

380. ಬೀಜ ಕೆಜಿಗೆ 120, ಒಂದು ಲೀಟರಿಗೆ ಎರಡೂವರೆ ಕೆಜಿ ಬೇಕು, ಅಲ್ಲಿಗೇ 300 ಆಯಿತು. ಕರೆಂಟು, ಬಾಟಲಿ, ಕೂಲಿ ಸೇರಿಸಿ ನೀವೇ ಲೆಕ್ಕ ಹಾಕಿ. ಹಿಂಡಿ ಮಾರಿದರೆ ಮಾತ್ರ ಕೈಗೆ ಏನಾದರೂ ಉಳಿಯೋದು. ಆ ಕಹಿ ಎಣ್ಣೆ ಒಂದು ಹನಿಯೂ ಮಾರಲಿಲ್ಲ, ದೀಪಕ್ಕೆ ಕೊಟ್ಟೆ.

ಹೊಸ ರೂಮು ಹುಡುಕುವವ

ಪೋಸ್ಟ್ ಹಾಕಿದ ಅಣ್ಣಾ, ರೂಮು ಖಾಲಿ ಮಾಡ್ತೀರಾ? ಡಿಪಾಜಿಟ್ ಎಷ್ಟು? ಪುಸ್ತಕ ಕೊಡೋದಿದ್ರೆ ನಾನೇ ತಗೋತೀನಿ.

ಟಪ್ಪಾಲು ಅಕ್ಕ

ಅವನು ಇನ್ನೂ ತೀರ್ಮಾನ ಮಾಡಿಲ್ಲ, ಆಗಲೇ ಮಂಚಕ್ಕೆ ಟವೆಲ್ ಹಾಕೋಕೆ ಬಂದರು. ಸ್ವಲ್ಪ ನಾಚಿಕೆ ಇರಲಿ.

ಹೊಸ ರೂಮು ಹುಡುಕುವವ

ಅಕ್ಕಾ, ಬೇರೆ ಕಡೆ 20,000 ಡಿಪಾಜಿಟ್ ಕೇಳ್ತಿದ್ದಾರೆ. ನನ್ನ ಕಷ್ಟ ನನಗೆ.

ಸಪ್ತಾಪುರದ ರೂಮಿನವ

ಡಿಪಾಜಿಟ್ 8,000, ಬಾಡಿಗೆ 3,200, ನೀರು ದಿನ ಬಿಟ್ಟು ದಿನ. ಕೆಳಗಿನ ಮೆಸ್‌ನಲ್ಲಿ ಖಾತೆ ತೆಗೀಬೇಡ, ರಜೆಗೆ ಹೋದ ದಿನಗಳದ್ದೂ ಹಿಡೀತಾರೆ. ಪುಸ್ತಕದ ಪಟ್ಟಿ ನಾಳೆ ಹಾಕ್ತೀನಿ, ಸಂವಿಧಾನದ್ದು ಹಳೆ ಎಡಿಷನ್ನು.

ಹೊಸ ರೂಮು ಹುಡುಕುವವ

ಹಳೆ ಎಡಿಷನ್ನಿಗೆ 150ಕ್ಕಿಂತ ಜಾಸ್ತಿ ಆಗಲ್ಲ ಅಣ್ಣಾ.

ಸಪ್ತಾಪುರದ ರೂಮಿನವ

200. ಅಂಡರ್‌ಲೈನ್ ಎಲ್ಲ ನಾನೇ ಮಾಡಿದ್ದೀನಿ.